ಬರೀ ಕಪ್ಪು

ಈ ವಾರ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ, ಯೋಗ್ಯಾಕರ್ತಾ ಹತ್ತಿರದ ಹಳ್ಳಿಯ ವಾಯಾಂಗ್ ಎಂಬ ನೆರಳು ಗೊಂಬೆಯಾಟದಲ್ಲಿ ನೆರಳಿನ ಬದಿಯ ಕುರ್ಚಿಗಳೆಲ್ಲ ಖಾಲಿ. ಜನರೆಲ್ಲ ಗೊಂಬೆ ಆಡಿಸುವ ದಲಾಂಗನ ಬೆನ್ನ ಹಿಂದೆ. ಯೂಟ್ಯೂಬ್ ನೇರಪ್ರಸಾರದ ಮೂರು ಕ್ಯಾಮೆರಾಗಳೂ ಅಲ್ಲೇ. ಒಂದನ್ನಾದರೂ ಆಚೆ ಇಡಬಾರದೇ ಎಂದು ಕೇಳಿದ್ದಕ್ಕೆ ಕ್ಯಾಮೆರಾ ಹುಡುಗ, "ಅಲ್ಲೇನಿದೆ ಮಾಸ್, ಬರೀ ಕಪ್ಪು" ಅಂದ. ಮಾಸ್ ಅಂದರೆ ಅಲ್ಲಿ ಅಣ್ಣ. ಹುಡುಗ ಚುರುಕು, ಆದರೆ ಅವಸರದವನು.

ಬರೀ ಕಪ್ಪು. ಮಾತು ಸುಳ್ಳಲ್ಲ. ನಮ್ಮ ತೊಗಲುಗೊಂಬೆಯ ಚರ್ಮವನ್ನು ಬೆಳಕು ಹಾಯುವ ಹಾಗೆ ಹದ ಮಾಡುತ್ತಾರೆ, ಕೆಂಪು ಹಸಿರು ಪರದೆಯ ಮೇಲೇ ಮೂಡುತ್ತದೆ. ಜಾವಾದ್ದು ದಪ್ಪ ಎಮ್ಮೆ ಚರ್ಮ. ಎರಡೂ ಬದಿಗೆ ಬಣ್ಣ ಬಳಿದರೂ ಬೆಳಕು ನುಸುಳುವುದು ಉಳಿಯಲ್ಲಿ ಕೊರೆದ ತೂತುಗಳಿಂದ ಮಾತ್ರ. ಬಣ್ಣ ಬೇಕಾದವರು ದಲಾಂಗನ ಬದಿಗೇ ಹೋಗಬೇಕು.

ಆದರೆ ಆ ಕಪ್ಪಿಗೂ ಜೀವವಿತ್ತು. ಕೊಬ್ಬರಿ ಎಣ್ಣೆಯ ಬ್ಲೆಂಚೊಂಗ್ ದೀಪ ತೂಗುತ್ತಿದ್ದ ಕಾಲದಲ್ಲಿ ಕುಡಿ ಅಲುಗಿದರೆ ನೆರಳೂ ಅಲುಗುತ್ತಿತ್ತು, ಸುಮ್ಮನೆ ನಿಂತ ಗೊಂಬೆಯೂ ಉಸಿರಾಡುತ್ತಿತ್ತು. ಮೊನ್ನೆ ಇದ್ದದ್ದು ನಾಲ್ಕು ಎಲ್‌ಇಡಿ ಬಲ್ಬು. ಗೊಂಬೆ ತೆರೆಗೆ ಒತ್ತಿಕೊಂಡಿರುವಷ್ಟು ಹೊತ್ತು ತೊಂದರೆಯಿಲ್ಲ. ಗೇಣು ಹಿಂದಕ್ಕೆಳೆದರೆ ಬಲ್ಬಿಗೊಂದು ನೆರಳು ಬಿದ್ದು ಅಂಚು ಒಡೆಯುತ್ತದೆ. ಪ್ರಸಂಗ ದೇವರುಚಿ. ಭೀಮ ಕಡಲಿಗಿಳಿದು, ತನ್ನದೇ ರೂಪದ ಪುಟ್ಟ ದೇವರ ಕಿವಿಯೊಳಗೆ ಹೊಗುವ ಕಥೆ. ನಮ್ಮ ಮಹಾಭಾರತದಲ್ಲಿಲ್ಲ, ಜಾವಾದವರದೇ. ಅಲ್ಲಿ ದಲಾಂಗ ಭೀಮನನ್ನು ಮೆಲ್ಲಗೆ ದೀಪದತ್ತ ಎಳೆದ. ನೆರಳು ಹಿಗ್ಗಿ ಕರಗಿಹೋಗಬೇಕಿತ್ತು. ನಾಲ್ಕು ಭೀಮರು ಒಬ್ಬರ ಮೇಲೊಬ್ಬರು ನಿಂತರು. ಮೂರು ದಿನದಿಂದ ಅದೇ ಕಣ್ಣಿಗೆ ಕಟ್ಟಿದೆ.

ದಲಾಂಗನ ಕೈಯಲ್ಲಿ ಕುಂದೇ ಇರಲಿಲ್ಲ. ಎಡಗೈಯ ಚೆಂಪಾಲಾ ಎಂಬ ಪುಟ್ಟ ಸುತ್ತಿಗೆಯಿಂದ ಮರದ ಪೆಟ್ಟಿಗೆಗೆ ಏಟು, ಬಲಗಾಲ ಬೆರಳಿನ ನಡುವಿನ ಚೆಂಪಾಲಾದಿಂದ ತಗಡುಗಳಿಗೆ. ಗೊಂಬೆಯ ಕೊಂಬಿನ ಕಡ್ಡಿಯನ್ನು ಬಾಳೆದಿಂಡಿಗೆ ಒಂದೇ ಚುಚ್ಚಿಗೆ ನಿಲ್ಲಿಸುತ್ತಿದ್ದ. ಅದೇ ತೂತಿಗೆ ಪದೇ ಪದೇ ಚುಚ್ಚಿದರೆ ದಿಂಡು ಸಡಿಲಾಗಿ ರಾಜನೇ ಮುಗ್ಗರಿಸುತ್ತಾನೆ. ಪ್ರತಿ ಸಲ ಬೆರಳಗಲ ಪಕ್ಕಕ್ಕೆ ಸರಿಯುತ್ತಿದ್ದ.

ಹೊಸದೆಲ್ಲ ಕೆಟ್ಟದ್ದಲ್ಲ. ಲಿಂಬುಕ್-ಚಾಂಗಿಕ್ ಎಂಬ ದಾಸಿಯರ ಹಾಸ್ಯದ ನಡುವೆ ಗಮೆಲಾನ್ ವಾದ್ಯಮೇಳದ ಜೊತೆ ಕೀಬೋರ್ಡ್ ಸೇರಿದ ಚಂಪುರ್ಸಾರಿ ಹಾಡು ಬಂದಾಗ ಮಕ್ಕಳೂ ಎದ್ದು ಕೂತರು. 2020ರಲ್ಲಿ ತೀರಿಕೊಂಡ ದಲಾಂಗ ಕಿ ಸೆನೊ ನುಗ್ರೊಹೊ ಹರೆಯದವರನ್ನು ಈ ಕಲೆಗೆ ಎಳೆತಂದದ್ದು ಇದೇ ಯೂಟ್ಯೂಬಿನಿಂದ.

ನಸುಕಿಗೆ, ಮೂರು ಬಲ್ಬು ಆರಿಸಿ ಒಂದನ್ನೇ ಉಳಿಸಿದರೆ ಹೇಗೆ ಎಂದು ಮತ್ತೆ ಕೇಳಿದ್ದಾಯಿತು.

"ಕ್ಯಾಮೆರಾಗೆ ಬೆಳಕು ಸಾಲಲ್ಲ ಮಾಸ್" ಅಂದ.