ತೆಂಗು ತೆಗೆದ ಮೇಲೆ ಉಳಿದ ಹಕ್ಕಿ

ತಿಪಟೂರು ಸೀಮೆಯ ತೋಟದಲ್ಲಿ ಬೆಳೆದವನಾದ್ದರಿಂದ, ಫಸಲು ಕೊಡುವ ತೆಂಗನ್ನು ತೆಗೆಸಿ ಒಂದು ಹಕ್ಕಿಯನ್ನು ಉಳಿಸಿದರು ಎಂಬ ಮಾತು ನನಗೆ ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಹಿಂದೂ ಮಹಾಸಾಗರದ ಸೀಶೆಲ್ಸ್‌ನ ಪ್ರಾಸ್ಲಿನ್ ದ್ವೀಪದ ಸಮೀಪದಲ್ಲಿರುವ ಕಸಿನ್ ದ್ವೀಪದಲ್ಲಿ ನಡೆದದ್ದು ಮಾತ್ರ ಅದೇ.

ಸುಮಾರು 27 ಹೆಕ್ಟೇರ್ ವಿಸ್ತಾರದ ಈ ದ್ವೀಪದಲ್ಲಿ ಕಾವಲು ಸಿಬ್ಬಂದಿಯನ್ನು ಬಿಟ್ಟರೆ ಜನವಸತಿಯಿಲ್ಲ. ನಮ್ಮ ದೋಣಿ ದಡ ಮುಟ್ಟಲೇ ಇಲ್ಲ. ದ್ವೀಪದ್ದೇ ದೋಣಿಯೊಂದು ಬಂದು ನಮ್ಮನ್ನು ಹತ್ತಿಸಿಕೊಂಡು, ಅಲೆಯ ಜೊತೆಗೇ ರಭಸದಿಂದ ಮರಳಿನ ಮೇಲೇರಿ ನಿಂತಿತು. ಹೊರಗಿನ ದೋಣಿಯಲ್ಲಿ ಇಲಿಯೊಂದು ಅಡಗಿ ಬಂದರೂ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮೊಟ್ಟೆ ಉಳಿಯುವುದಿಲ್ಲವೆಂಬುದೇ ಈ ಕಟ್ಟುನಿಟ್ಟಿಗೆ ಕಾರಣ.

ಒಂದು ಕಾಲಕ್ಕೆ ದ್ವೀಪವೆಲ್ಲ ತೆಂಗಿನ ತೋಟವಾಗಿತ್ತು. ಸೀಶೆಲ್ಸ್ ವಾರ್ಬ್ಲರ್ ಎಂಬ ಉಲಿಯಕ್ಕಿಗೆ ಬೇಕಾದ ಕೀಟಗಳು ಸಿಗುವುದು ಪಿಸೋನಿಯಾದಂತಹ ಅಗಲೆಲೆಯ ಸ್ಥಳೀಯ ಮರಗಳ ಎಲೆಯಡಿಯಲ್ಲಿ. ಆ ಮರಗಳು ಹೋದಂತೆ ಹಕ್ಕಿಯೂ ಕರಗಿ, ಇಡೀ ಜಗತ್ತಿನಲ್ಲಿ ಮೂವತ್ತಕ್ಕಿಂತ ಕಡಿಮೆ ಉಳಿದು, ಅವೂ ಇದೊಂದೇ ದ್ವೀಪದಲ್ಲಿದ್ದವು. 1968ರಲ್ಲಿ ಅಂತರರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ ದ್ವೀಪವನ್ನು ಕೊಂಡು, ತೆಂಗನ್ನು ತೆರವು ಮಾಡಿಸಿ, ಕಾಡು ತಾನಾಗಿ ಮರಳಲು ಬಿಟ್ಟಿತು. ಹಕ್ಕಿಗಳು ಮುನ್ನೂರರ ಆಸುಪಾಸಿಗೆ ಏರಿ ದ್ವೀಪ ತುಂಬಿದ ಮೇಲೆ, 1988ರಲ್ಲಿ 29 ಹಕ್ಕಿಗಳನ್ನು ಅರೀಡ್ ದ್ವೀಪಕ್ಕೆ ಸಾಗಿಸಲಾಯಿತು.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇವುಗಳ ಸಂಸಾರದ ಲೆಕ್ಕಾಚಾರ. ದೊಡ್ಡವಾದ ಹೆಣ್ಣುಮರಿಗಳು ಹುಟ್ಟಿದ ಜಾಗದಲ್ಲೇ ಉಳಿದು ತಾಯಿಗೆ ನೆರವಾಗುವುದುಂಟು. ಕೀಟ ಹೇರಳವಾಗಿರುವ ಜಾಗದ ಜೋಡಿಗಳಿಗೆ ಹೆಚ್ಚಾಗಿ ಹೆಣ್ಣುಮರಿಗಳೂ, ಆಹಾರ ಕಡಿಮೆಯಿರುವ ಕಡೆ ಹೆಚ್ಚಾಗಿ ಗಂಡುಮರಿಗಳೂ ಹುಟ್ಟುವುದನ್ನು ಸಂಶೋಧಕ ಯಾನ್ ಕೊಮ್ಡರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದರು. (ಹೆಣ್ಣು ಹುಟ್ಟಿದರೆ ಮುಖ ಸಿಂಡರಿಸುವವರಿಗೆ ಇದನ್ನು ತಿಳಿಸಬೇಕೆನಿಸಿತು.)

ಪಿಸೋನಿಯಾ ಮಾತ್ರ ಅಷ್ಟೇನೂ ಸಾಧುವಲ್ಲ. ಅದರ ಅಂಟುಬೀಜಗಳು ರೆಕ್ಕೆಗೆ ಮೆತ್ತಿಕೊಂಡು ಹಾರಲಾಗದೆ ಸಾಯುವ ಕಡಲಹಕ್ಕಿಗಳೂ ಇವೆ. ಅದೇ ಕಾಡಿನಲ್ಲಿ ಬಿಳಿ ರೀವ (ಟರ್ನ್) ಎಂಬ ಕಡಲಹಕ್ಕಿಯೊಂದು, ಗೂಡಿನ ಗೋಜಿಗೇ ಹೋಗದೆ, ಬೋಳು ಕೊಂಬೆಯ ಸಣ್ಣ ತಗ್ಗಿನಲ್ಲಿ ಇಟ್ಟಿದ್ದ ಒಂದೇ ಮೊಟ್ಟೆಯ ಮೇಲೆ ಕುಳಿತಿತ್ತು. ನಾವು ಕೈಯಳತೆಯಲ್ಲಿ ಹಾದುಹೋದರೂ ಅದು ಅಲುಗಲಿಲ್ಲ.

ಊರಿಗೆ ಬಂದು ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ ಅವರು, ತೆಗೆಸಿದ ಮರಗಳಿಗೆ ಎಷ್ಟು ವರ್ಷವಾಗಿತ್ತು ಎಂದು ವಿಚಾರಿಸಿದರು.