ಒಗೀಬಹುದೇನು?

ನಾನು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್‌ನಲ್ಲಿ ಬ್ಯೂಗಲ್ ಊದುತ್ತಿದ್ದವನು. ಅಲ್ಲಿನ ಶರ್ಕತ್ ಸ್ಮಾರಕದ ಮುಂದೆ ಪುಷ್ಪಚಕ್ರ ಇಡುವಾಗ ಎಷ್ಟು ಸಲ ಊದಿದ್ದೇನೋ ಲೆಕ್ಕ ಇಲ್ಲ. ಶರ್ಕತ್ ಅಂದರೆ 1918ರಲ್ಲಿ ಮೆಸಪೊಟೇಮಿಯಾದಲ್ಲಿ ಕಾದಾಟ ನಡೆದ ಜಾಗ. ಅಲ್ಲಿ ಊದುವಾಗ ಎದೆ ನಡುಗುತ್ತಿರಲಿಲ್ಲ. ಸತ್ತವರ ಅವ್ವ ಎದುರಿಗೆ ನಿಂತಿರುವುದಿಲ್ಲ ನೋಡಿ.

ಹಳ್ಳಿಯ ಡ್ಯೂಟಿ ಬೇರೆ. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಸತ್ತ ಜವಾನನ ಪೆಟ್ಟಿಗೆ ಬರುತ್ತಿತ್ತು. ತಲೆಯ ಕಡೆಗೆ ಕೇಸರಿ ಬರುವ ಹಾಗೆ ಬಾವುಟ ಹೊದಿಸಿರುತ್ತಿದ್ದರು. ಅಲ್ಲಿಂದ ಊರಿಗೆ.

ಒಮ್ಮೆ ಗೋಕಾಕ ತಾಲೂಕಿನ ಒಂದೂರಿಗೆ ಹೋಗಿದ್ದೆವು. ಹುಡುಗನಿಗೆ ಇನ್ನೂ ಮದುವೆ ಆಗಿರಲಿಲ್ಲ. ಲಿಂಗಾಯತರ ಮನೆ, ಹೊಲದಲ್ಲೇ ಮಣ್ಣು ಮಾಡುವುದು. ವಿಭೂತಿ, ಪತ್ರಿ, ಅಯ್ಯನವರ ಮಂತ್ರ ಅವರದ್ದು. ಬಾವುಟ, ಬಂದೂಕು, ಬ್ಯೂಗಲ್ ನಮ್ಮದು. ಅವರ ಪದ್ಧತಿಗೆ ನಾವು ಕೈ ಹಾಕುವುದಿಲ್ಲ.

ಮೂರು ಸುತ್ತು ಗುಂಡು ಹಾರಿಸಿದರು. ಮೊದಲನೆಯದಕ್ಕೇ ಊರ ನಾಯಿಗಳೆಲ್ಲ ಬೊಗಳತೊಡಗಿದವು. ಆಮೇಲೆ ‘ಶೋಕ್ ಶಸ್ತ್ರ’ ಅಂತ ಆರ್ಡರ್. ಜವಾನರು ಬಂದೂಕಿನ ಬಾಯಿ ಕೆಳಗೆ ಮಾಡಿ, ತಲೆ ತಗ್ಗಿಸಿ ನಿಂತರು. ನಾನು ಲಾಸ್ಟ್ ಪೋಸ್ಟ್, ಅಂದರೆ ಸತ್ತವರಿಗೆ ವಿದಾಯ ಹೇಳುವ ಟ್ಯೂನ್ ಊದಿದೆ. ತುಟಿ ಒಣಗಿದರೆ ಸ್ವರ ಒಡೆಯುತ್ತದೆ, ಅದಕ್ಕೇ ದವಡೆಯಲ್ಲಿ ಒಂದು ಏಲಕ್ಕಿ ಇಟ್ಟುಕೊಳ್ಳುತ್ತಿದ್ದೆ. ನಂತರ ಎರಡು ನಿಮಿಷ ಮೌನ. ಅದು ಮುಗಿದ ಮೇಲೆ ರೌಸ್, ಅಂದರೆ ಎದ್ದೇಳಿ ಅನ್ನುವ ಟ್ಯೂನ್. ಅದನ್ನು ಊದೋಕೆ ಯಾವಾಗಲೂ ಜಾಸ್ತಿ ಉಸಿರು ಬೇಕಾಗುತ್ತಿತ್ತು.

ಬಾವುಟವನ್ನು ಹೂಳುವಂತಿಲ್ಲ, ಸುಡುವಂತಿಲ್ಲ. ಕೇಸರಿ, ಹಸಿರು ಎರಡೂ ಬಿಳಿಯ ಕೆಳಗೆ ಹೋಗಬೇಕು, ಚಕ್ರ ಮೇಲೆ ಕಾಣಬೇಕು, ಹಾಗೆ ಮಡಚಿ ಮನೆಯವರ ಕೈಗೆ ಕೊಡಬೇಕು. ಅವ್ವನ ಕೈಗೆ ಕೊಟ್ಟರು. ಬಿಳಿಯ ಮೇಲೆ ಚೆಂಡುಹೂವಿನ ಹಳದಿ ಕಲೆ ಬಿದ್ದಿತ್ತು. ಆಕೆ ಅದನ್ನು ಹೆಬ್ಬೆರಳಿನಿಂದ ಸ್ವಲ್ಪ ಹೊತ್ತು ತಿಕ್ಕಿದಳು. ಆಮೇಲೆ ಹತ್ತಿರ ನಿಂತಿದ್ದ ನನ್ನನ್ನು ಕೇಳಿದಳು: “ತಮ್ಮಾ, ಇದನ್ನ ಒಗೀಬಹುದೇನು?”

ಡ್ರಿಲ್‌ನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಸುಬೇದಾರ್ ಸಾಹೇಬರ ಮುಖ ನೋಡಿದೆ. ಅವರು ಬೂಟು ನೋಡಿಕೊಳ್ಳುತ್ತಿದ್ದರು.

ಮುಂದಿನ ವರ್ಷ ಪುಣ್ಯತಿಥಿಗೆ ನಾನೊಬ್ಬನೇ ಹೋದೆ. ಊರವರು ಪಟ್ಟಿ ಎತ್ತಿ ಸರ್ಕಲ್‌ನಲ್ಲಿ ಪುತ್ಥಳಿ ನಿಲ್ಲಿಸಿದ್ದರು. ಮುಖ ಅಷ್ಟೇನೂ ಹೋಲುತ್ತಿರಲಿಲ್ಲ, ಮೀಸೆ ಮಾತ್ರ ಭರ್ಜರಿ. ನನಗೆ ಹಿಡಿಸಿದ್ದು ಹನುಮಪ್ಪನ ಗುಡಿ ಹಿಂದಿನ ಹಳೇ ವೀರಗಲ್ಲು. ಕೆಳಗೆ ಕಾದಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಮುಖವೆಲ್ಲ ಸವೆದಿದೆ. ಯಾರೋ ಅದಕ್ಕೂ ಎಣ್ಣೆ ಹಚ್ಚಿ, ಒಂದು ಚೆಂಡುಹೂವು ಇಟ್ಟಿದ್ದರು.

ಅವ್ವ ಚಹಾ ಕೊಟ್ಟಳು. ಆಮೇಲೆ ನಾನು ಕೇಳದೇನೇ ಟ್ರಂಕ್ ತೆಗೆದಳು. ಬೇವಿನೆಲೆ, ಅದರ ಮೇಲೆ ಗುಳೇದಗುಡ್ಡದ ಹೊಸ ಖಣ. ಖಣ ಬಿಚ್ಚಿದರೆ ಬಾವುಟ, ಕೊಟ್ಟಾಗ ಮಡಚಿದ್ದ ಹಾಗೇ. ಹಳದಿ ಕಲೆಯೂ ಹಾಗೇ ಇತ್ತು.