ಶಾಲಾ ಕುಸ್ತಿ ಮತ್ತು ತೂಕದ ಯಂತ್ರ

ಉತ್ತರ ಕರ್ನಾಟಕದ ಪ್ರೌಢಶಾಲೆಯೊಂದಕ್ಕೆ ದೈಹಿಕ ಶಿಕ್ಷಣ ಶಿಕ್ಷಕನಾಗಿ ಸೇರಿದ ದಿನದಿಂದ ನಿವೃತ್ತಿಯವರೆಗೂ ನಾನು ಮಕ್ಕಳಿಗೆ ಕುಸ್ತಿ ಕಲಿಸಿದೆ. ಬಂದವರಲ್ಲಿ ಅನೇಕರು ಊರಿನ ಗರಡಿಮನೆಯ ಮಟ್ಟಿಯಲ್ಲಿ ಸಾಮು ಮಾಡಿ ಬೆಳೆದವರು. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡುವುದೇ ಗೆಲುವಾದ್ದರಿಂದ ಪಟ್ಟು ಹಿಡಿದು ಕಾಯುವ ತಾಳ್ಮೆ ಅವರಿಗೆ ಬಂದಿರುತ್ತಿತ್ತು. ಮ್ಯಾಟಿನ ಮೇಲಾದರೋ ಅಂಕಗಳ ಲೆಕ್ಕವಿದೆ. ಫ್ರೀಸ್ಟೈಲಿನಲ್ಲಿ 10 ಅಂಕಗಳ ಅಂತರ ಬಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಆ ವೇಗಕ್ಕೆ ಅವರನ್ನು ಒಗ್ಗಿಸುವ ಮೊದಲು ನಾನು ಬೀಳುವುದನ್ನು ಕಲಿಸುತ್ತಿದ್ದೆ: ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಬೀಳುವಾಗ ಅಂಗೈಯನ್ನು ನೆಲಕ್ಕೆ ಊರಬಾರದು. ಮೊಣಕೈ ಮುರಿಯುವುದು ಹಾಗೆ ಊರಿದ ಕೈಯಿಂದಲೇ.

ಆದರೆ ನನ್ನ ವೃತ್ತಿಯುದ್ದಕ್ಕೂ ನಾನು ನಿಜವಾಗಿ ಸೆಣಸಿದ್ದು ತೂಕ ಇಳಿಸುವ ಚಟದೊಂದಿಗೆ. ತಾಲ್ಲೂಕು ಮಟ್ಟದ ಪಂದ್ಯ ಸಮೀಪಿಸಿದೊಡನೆ, ಕೆಳಗಿನ ತೂಕ ವಿಭಾಗದಲ್ಲಿ ಆಡಿದರೆ ಪದಕ ಸುಲಭವೆಂಬ ಆಸೆಯಿಂದ, ಬೆಳೆಯುವ ವಯಸ್ಸಿನ ಹುಡುಗರು ಊಟ ಬಿಟ್ಟು, ನೀರನ್ನೂ ಕುಡಿಯದೆ, ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಬಿಸಿಲಿನಲ್ಲಿ ಓಡುತ್ತಾರೆ. ಕೆಲವು ಪೋಷಕರೇ ಇದಕ್ಕೆ ಒತ್ತಾಯಿಸುವುದನ್ನು ಕಂಡಿದ್ದೇನೆ. ಹೀಗೆ ಇಳಿಯುವುದು ಕೊಬ್ಬಲ್ಲ, ನೀರು. ರಕ್ತದ ಪ್ರಮಾಣ ಕುಗ್ಗಿ ಹೃದಯದ ಮೇಲೆ ಹೊರೆ ಬೀಳುತ್ತದೆ, ಮೈಯ ಶಾಖವನ್ನು ಹೊರಹಾಕಬೇಕಾದ ಬೆವರೂ ಬತ್ತುತ್ತದೆ. ಅಮೆರಿಕದಲ್ಲಿ 1997ರ ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ತೂಕ ಇಳಿಸಲು ಹೋಗಿ ಸತ್ತರು. ಆ ಬಳಿಕವೇ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರು ಉಡುಪು ಮತ್ತು ಉಗಿಕೋಣೆಗಳನ್ನು ನಿಷೇಧಿಸಿ, ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆ.ಜಿ. ವಿಭಾಗದ ಫೈನಲಿನ ಬೆಳಿಗ್ಗೆ 100 ಗ್ರಾಂ ಹೆಚ್ಚಿದ್ದುದಕ್ಕೆ ಅನರ್ಹರಾದಾಗ ದೇಶವೇ ಮರುಗಿತು. ರಾತ್ರಿಯೆಲ್ಲ ಅವರು ಪಟ್ಟ ಪಾಡಿನ ಸುದ್ದಿ ಓದುವಾಗ ನನಗೆ ನೆನಪಾದದ್ದು ನಮ್ಮ ಹಾಸ್ಟೆಲುಗಳ ಮಕ್ಕಳು. ಅವರ ಪಕ್ಕದಲ್ಲಿ ವೈದ್ಯರೂ ಇರುವುದಿಲ್ಲ, ಆಹಾರತಜ್ಞರೂ ಇರುವುದಿಲ್ಲ.

ನಾನು ಅನುಸರಿಸಿದ ಕ್ರಮ ಸರಳವಾದದ್ದು. ಶಾಲೆ ತೆರೆಯುವ ಜೂನ್‌ನಲ್ಲೇ ಪ್ರತಿ ಮಗುವಿನ ಎತ್ತರ, ತೂಕ ಬರೆದಿಟ್ಟು, ಪಂದ್ಯದ ಹೊತ್ತಿಗೆ ಸಹಜವಾಗಿ ಬೆಳೆದು ಮುಟ್ಟುವ ತೂಕಕ್ಕೆ ಹೊಂದುವ ವಿಭಾಗವನ್ನೇ ಆರಿಸುತ್ತಿದ್ದೆ. ಅಭ್ಯಾಸಕ್ಕೆ ಮೊದಲು ಮತ್ತು ನಂತರ ತೂಕ ನೋಡಿ, ಕಡಿಮೆಯಾದಷ್ಟು ನೀರನ್ನು ನನ್ನೆದುರಿಗೇ ಕುಡಿಸುತ್ತಿದ್ದೆ. ಇದರಿಂದ ಕೆಲವು ಪದಕಗಳು ಕೈತಪ್ಪಿದವು. ಮೇಲಿನ ವಿಭಾಗದಲ್ಲಿ ಸೋತ ಹುಡುಗನ ಮನೆಯವರಿಗೆ ಉತ್ತರ ಹೇಳುವುದು ಪ್ರತಿ ಸಲವೂ ಕಷ್ಟವಾಗುತ್ತಿತ್ತು. ಆದರೂ ಹದಿನಾಲ್ಕರ ಹುಡುಗನಿಗೆ ಜೋಳದ ರೊಟ್ಟಿ ಬೇಡವೆನ್ನುವ ಅಧಿಕಾರ ಯಾವ ಉಸ್ತಾದನಿಗೂ ಇಲ್ಲವೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ಈಗ ಮ್ಯಾಟಿನ ಬದಿಗೆ ನಿಲ್ಲುತ್ತಿರುವ ಕಿರಿಯ ಶಿಕ್ಷಕರು ಪಂದ್ಯದ ವಾರದಲ್ಲಿ ಪಟ್ಟುಗಳಿಗಿಂತ ಮೊದಲು ಮಕ್ಕಳ ತಟ್ಟೆಯನ್ನೂ ನೀರಿನ ಬಾಟಲಿಯನ್ನೂ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.